ಹೋಗುವ ದೂರ, ಬರುವ ದೂರ

2021ರ ಜನವರಿ 9, ಶನಿವಾರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಮೇಲೆದ್ದಿತು. ನಡುವೆ ಎಲ್ಲೂ ಇಳಿಯದೆ ಅದು ನೇರವಾಗಿ ನಮ್ಮ ದೇವನಹಳ್ಳಿಗೆ ಬಂದು ಮುಟ್ಟಿದ್ದು 11ರ ಸೋಮವಾರ, ಬೆಳಗಿನ ಜಾವ. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ, ಶಿವಾನಿ ಮನ್ಹಾಸ್. ಬೆಂಗಳೂರಿಗೂ ಅಮೆರಿಕಕ್ಕೂ ನಡುವಿನ ಮೊದಲ ನೇರ ವಿಮಾನ ಸೇವೆ ಅದು. ಉತ್ತರ ಧ್ರುವದ ಮೇಲೆ ಹಾದು ಬಂದರು ಎಂದು ಮರುದಿನ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಸಂಭ್ರಮಿಸಬೇಕಾದದ್ದೇ. ಆದರೆ ಸುದ್ದಿಯ ನಡುವೆ ಸಿಕ್ಕಿಕೊಂಡಿದ್ದ ಎರಡು ಅಂಕಿಗಳು ನನ್ನನ್ನು ಹೆಚ್ಚು ಕಾಡಿದವು. ದೂರ 13,993 ಕಿಲೋಮೀಟರ್. ವೇಳೆ 17 ಗಂಟೆಗೂ ಮೇಲೆ.

ವಿಮಾನದಲ್ಲಿದ್ದವರ ಪಾಲಿನ ಭಾನುವಾರ ಏನಾಯಿತು ಎಂದು ಕೇಳಬೇಡಿ. ಅದು ಗಡಿಯಾರದ ಲೆಕ್ಕಾಚಾರದಲ್ಲಿ ಕರಗಿತು. ಅದೇ ಸೇವೆಯಲ್ಲಿ ಬೆಂಗಳೂರಿನಿಂದ ಆ ಕಡೆಗೆ ಹೊರಟವರಿಗೆ ತದ್ವಿರುದ್ಧದ ಬಹುಮಾನ. ಮಧ್ಯಾಹ್ನ ಎರಡೂವರೆಗೆ ಹತ್ತಿದವರು ಅದೇ ದಿನ ಸಂಜೆ ಐದಕ್ಕೆ ಇಳಿಯುವುದು ಎಂದು ಆರಂಭದ ವೇಳಾಪಟ್ಟಿ ಹೇಳುತ್ತಿತ್ತು. ಗೋಡೆ ಗಡಿಯಾರ ನಂಬಿದರೆ ಭೂಮಿಯ ಆ ತುದಿಗೆ ಎರಡೂವರೆ ಗಂಟೆಯ ಪ್ರಯಾಣ! ಚಳಿಗಾಲದಲ್ಲಿ ಎರಡೂ ಊರುಗಳ ನಡುವೆ ಹದಿಮೂರೂವರೆ ಗಂಟೆ ಅಂತರ. ಅದನ್ನು ಕೂಡಿಸಿದರೆ ನಿಜವಾದ ಪ್ರಯಾಣ 16 ಗಂಟೆ. ಬರುವಾಗಿನ ಲೆಕ್ಕವನ್ನೂ ಹೀಗೆಯೇ ಬಿಡಿಸಿ ನೋಡಿದರೆ ಸಿಗುವುದು ಸುಮಾರು ಹದಿನೇಳೂಮುಕ್ಕಾಲು ಗಂಟೆ.

ವಿಮಾನ ಅದೇ. ಎರಡು ಊರುಗಳೂ ಅವೇ, ರಾತ್ರೋರಾತ್ರಿ ಒಂದನ್ನೊಂದು ಬಿಟ್ಟು ದೂರ ಸರಿದಿಲ್ಲ. ಹಾಗಿದ್ದರೂ ಹೋಗುವುದಕ್ಕಿಂತ ಬರುವುದು ಒಂದೂಮುಕ್ಕಾಲು ಗಂಟೆ ಹೆಚ್ಚು. ಎರಡು ಊರಿನ ನಡುವೆ ‘ದೂರ ಎಷ್ಟು’ ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆ ಎಂದು ನಂಬಿದವರನ್ನು ಈ ಒಂದೂಮುಕ್ಕಾಲು ಗಂಟೆ ಸುಮ್ಮನೆ ಬಿಡುವುದಿಲ್ಲ.

ಮೊದಲು ಭೂಮಿ ಕೊಡುವ ಉತ್ತರ ನೋಡೋಣ. ಮಕ್ಕಳ ಓದುವ ಮೇಜಿನ ಮೇಲಿರುವ ಗ್ಲೋಬ್ ತೆಗೆದುಕೊಂಡು, ಬೆಂಗಳೂರಿನ ಮೇಲೊಂದು, ಸ್ಯಾನ್ ಫ್ರಾನ್ಸಿಸ್ಕೊ ಮೇಲೊಂದು ಬೆರಳಿಟ್ಟು, ನಡುವೆ ದಾರವೊಂದನ್ನು ಬಿಗಿಯಾಗಿ ಎಳೆಯಿರಿ. ಗೋಡೆಯ ಭೂಪಟ ನೋಡಿ ಬೆಳೆದ ನಮಗೆ ದಾರ ಅರಬ್ಬೀ ಸಮುದ್ರ, ಯುರೋಪು, ಅಟ್ಲಾಂಟಿಕ್ ದಾಟಿ ಹೋಗುತ್ತದೆ ಎಂಬ ನಿರೀಕ್ಷೆ. ಅದು ಯುರೋಪಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ದೇವನಹಳ್ಳಿಯಿಂದ ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್, ಚೀನಾದ ಪಶ್ಚಿಮ ಭಾಗ, ಮಂಗೋಲಿಯಾದ ಅಂಚು, ಸೈಬೀರಿಯಾದ ಉದ್ದಗಲ ದಾಟಿ, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಹಿಮಸಾಗರದ ದಡ ಸವರಿ, ಅಲಾಸ್ಕದ ಮೇಲಿಂದ ಕೆಳಗಿಳಿಯುತ್ತದೆ. ಉದ್ದ 14,000 ಕಿಲೋಮೀಟರಿಗೆ ಕೊಂಚ ಕಡಿಮೆ. ಸುದ್ದಿಯಲ್ಲಿ ಬಂದ 13,993 ಎಂಬುದು ಈ ದಾರದ ಉದ್ದ.

ಬೆಂಗಳೂರು 77 ಡಿಗ್ರಿ ಪೂರ್ವ ರೇಖಾಂಶದಾಚೆ, ಸ್ಯಾನ್ ಫ್ರಾನ್ಸಿಸ್ಕೊ 122 ಡಿಗ್ರಿ ಪಶ್ಚಿಮದಾಚೆ. ಹೆಚ್ಚುಕಡಿಮೆ ಬೆನ್ನಿಗೆ ಬೆನ್ನು. ಹೀಗೆ ಬೆನ್ನುಮಾಡಿ ಕೂತ ಊರುಗಳ ನಡುವೆ ಪೂರ್ವ ಪಶ್ಚಿಮ ಎಂಬ ಜಗಳವೇ ಇಲ್ಲ, ಹತ್ತಿರದ ದಾರಿ ಯಾವಾಗಲೂ ತಲೆಯ ಮೇಲಿಂದ. ಇನ್ನೂ ಒಂದು ಸೋಜಿಗ. ದಾರವನ್ನು ನೆಟ್ಟಗೆ ಉತ್ತರ ಧ್ರುವದ ಮೇಲೆಯೇ ಹಾಯಿಸಿದರೂ ಉದ್ದ ಸುಮಾರು 14,360 ಕಿಲೋಮೀಟರ್ ಮಾತ್ರ. ಇಷ್ಟು ದೊಡ್ಡ ಸುತ್ತು ಎಂದುಕೊಂಡದ್ದಕ್ಕೆ ತೆರಬೇಕಾದ ಬೆಲೆ ಬೆಂಗಳೂರು–ಹುಬ್ಬಳ್ಳಿ ರಸ್ತೆಗಿಂತ ಕಡಿಮೆ. ಆ ನಾಲ್ವರು ಧ್ರುವದ ಮೇಲೆ ಬಂದದ್ದು ಸಾಹಸದ ಚಪಲಕ್ಕಲ್ಲ ಎಂಬುದು ಇಲ್ಲೇ ಅರ್ಧ ತಿಳಿಯುತ್ತದೆ.

ಭೂಮಿ ಕೊಟ್ಟ ಈ ದಾರವನ್ನು ಮೊದಲು ಕತ್ತರಿಸುವುದು ಹಿಮಾಲಯ. ವಿಮಾನ ಹಾರುವುದು ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಎವರೆಸ್ಟ್ ಒಂಬತ್ತೂ ಇಲ್ಲ, ಮತ್ತೇನು ತೊಂದರೆ ಎಂದು ಕೇಳಬಹುದು. ತೊಂದರೆ ಹಾರುವುದರಲ್ಲಿಲ್ಲ, ಇಳಿಯಬೇಕಾಗಿ ಬಂದರೆ ಇದೆ. ಒಳಗಿನ ಗಾಳಿಯೊತ್ತಡ ಇದ್ದಕ್ಕಿದ್ದಂತೆ ಕುಸಿದರೆ ಮೇಲಿನಿಂದ ಹಳದಿ ಮುಖವಾಡಗಳು ಜಾರಿ ಬೀಳುತ್ತವಲ್ಲ, ಅವುಗಳಲ್ಲಿ ಆಮ್ಲಜನಕ ಬರುವುದು ಸಾಮಾನ್ಯವಾಗಿ ಹನ್ನೆರಡು ಹದಿನೈದು ನಿಮಿಷ ಮಾತ್ರ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಉಸಿರಾಡಬಹುದಾದ 10,000 ಅಡಿಗೆ, ಅಂದರೆ ಮೂರು ಕಿಲೋಮೀಟರಿಗೆ ಇಳಿಸಬೇಕು. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿದೆ! ಇಳಿಯುವುದೆಲ್ಲಿಗೆ? ಆದ್ದರಿಂದ ದೂರದ ವಿಮಾನಗಳು ಬಹುಪಾಲು ಆ ಸೀಮೆಯನ್ನು ಬಳಸಿಕೊಂಡೇ ಹೋಗುತ್ತವೆ. ಬೆಟ್ಟದ ವಿಷಯ ಇಷ್ಟೇ. ಅದು ಇದ್ದಲ್ಲೇ ಇರುತ್ತದೆ, ಒಮ್ಮೆ ಲೆಕ್ಕ ಹಾಕಿಕೊಂಡರೆ ಸಾಕು.

ಗಾಳಿ ಹಾಗಲ್ಲ. ನನಗೆ ಈ ಇಡೀ ಕಥೆಯಲ್ಲಿ ಗಾಳಿಯ ಭಾಗವೇ ಹೆಚ್ಚು ಪ್ರಿಯ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಭೂಮಿಯ ಉತ್ತರಾರ್ಧದಲ್ಲಿ, ನೆಲದಿಂದ ಒಂಬತ್ತು ಹತ್ತು ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ನದಿಗಳು ಹರಿಯುತ್ತವೆ. ಉಷ್ಣವಲಯದ ಬಿಸಿ, ಧ್ರುವದ ಚಳಿ, ಇವೆರಡರ ನಡುವಿನ ವ್ಯತ್ಯಾಸ ಮತ್ತು ಭೂಮಿಯ ತಿರುಗುವಿಕೆ ಸೇರಿ ಹುಟ್ಟಿಸಿದ ಗಾಳಿ ಇದು. ಜೆಟ್ ಸ್ಟ್ರೀಮ್ ಎಂದು ಹವಾಮಾನ ವರದಿಗಳಲ್ಲಿ ಓದಿರುತ್ತೀರಿ. ಚಳಿಗಾಲದಲ್ಲಿ ಇದರ ರಭಸ ಹೆಚ್ಚು, ಜಪಾನಿನ ಮೇಲೆ ಇನ್ನೂ ಹೆಚ್ಚು. ಇದನ್ನು ಮೊದಲು ಕ್ರಮವಾಗಿ ಅಳೆದವರು ಜಪಾನಿನ ತಾತೆನೊ ವೀಕ್ಷಣಾಲಯದ ಮುಖ್ಯಸ್ಥ ವಾಸಬುರೊ ಓಇಶಿ. 1920ರ ದಶಕದಲ್ಲಿ ಅವರು ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವುಗಳ ಹಿಂದೆ ಬಿದ್ದು, ಚಳಿಗಾಲದ ಆಕಾಶದಲ್ಲಿ ಗಂಟೆಗೆ 250 ಕಿಲೋಮೀಟರ್ ಆಸುಪಾಸಿನ ಗಾಳಿಯನ್ನು ಕಂಡರು. ಕಂಡದ್ದನ್ನು ಜಗತ್ತಿಗೆಲ್ಲ ತಿಳಿಸಬೇಕಲ್ಲ? ಯಾವ ಒಂದು ದೇಶಕ್ಕೂ ಸೇರದ, ಎಲ್ಲರಿಗೂ ಒಂದೇ ಆಗಿರಲಿ ಎಂದು ಕಟ್ಟಿದ ಎಸ್ಪೆರಾಂಟೊ ಭಾಷೆಯ ಭಕ್ತರು ಅವರು. 1926ರಲ್ಲಿ ವರದಿಯನ್ನು ಎಸ್ಪೆರಾಂಟೊದಲ್ಲಿಯೇ ಪ್ರಕಟಿಸಿದರು. ಎಲ್ಲರಿಗೂ ತಲುಪಲೆಂದು ಬರೆದದ್ದನ್ನು ಹೊರಗೆ ಯಾರೂ ಓದಲಿಲ್ಲ.

ಓದದೆ ಹೋದವರು ಪಾಠ ಕಲಿತದ್ದು 1944ರ ಕೊನೆಯಲ್ಲಿ. ಅಮೆರಿಕದ ಬಿ-29 ಬಾಂಬರುಗಳು ಟೋಕಿಯೊ ಮೇಲೆ ಬಹಳ ಎತ್ತರದಲ್ಲಿ ಹಾರಿದಾಗ ಗಾಳಿ ಅವನ್ನು ಎತ್ತಿಕೊಂಡು ಹೋಯಿತು, ಬಾಂಬುಗಳು ಗುರಿಯಿಂದ ಎಲ್ಲೆಲ್ಲೋ ಬಿದ್ದವು. ಅದೇ ಚಳಿಗಾಲದಲ್ಲಿ ಜಪಾನ್ ಇದೇ ಗಾಳಿಯ ತಿಳಿವಳಿಕೆಯನ್ನು ಬಳಸಿ, ಕಾಗದದ ದೊಡ್ಡ ಬಲೂನುಗಳಿಗೆ ಬಾಂಬು ಕಟ್ಟಿ ಪೆಸಿಫಿಕ್ ಸಾಗರದಾಚೆಗೆ ತೇಲಿಬಿಟ್ಟಿತು. ಸಾವಿರಾರು ಹೊರಟವು, ಕೆಲವು ನೂರು ಮುಟ್ಟಿದವು. 1945ರ ಮೇ ತಿಂಗಳಲ್ಲಿ ಆರಿಗನ್ ರಾಜ್ಯದ ಕಾಡಿನಲ್ಲಿ ವನಭೋಜನಕ್ಕೆ ಹೋಗಿದ್ದ ಒಬ್ಬ ಗರ್ಭಿಣಿ ಮತ್ತು ಐವರು ಮಕ್ಕಳು ಅಂಥದೊಂದು ಬಾಂಬಿಗೆ ಬಲಿಯಾದರು. ಇಂದು ನಮ್ಮೂರಿನ ಅಜ್ಜಿಯರನ್ನು ಮೊಮ್ಮಕ್ಕಳ ಮನೆಗೆ ಬೇಗ ತಲುಪಿಸುವ ಗಾಳಿಯ ಹಿಂದೆ ಇಂಥದೂ ಇದೆ.

ಹೇಗೆ ತಲುಪಿಸುತ್ತದೆ? ವಿಮಾನ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎಂದರೆ ಅದು ಸುತ್ತಲ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ತುಂಬಿ ಹರಿಯುವ ತುಂಗಭದ್ರೆಯಲ್ಲಿ ಹುಟ್ಟು ಹಾಕುತ್ತ ಹೋಗುವ ಹರಿಗೋಲಿನವನನ್ನು ನೆನೆದುಕೊಳ್ಳಿ, ಅವನ ತೋಳು ಒಂದು ಲೆಕ್ಕ, ಹೊಳೆಯ ಸೆಳೆತ ಇನ್ನೊಂದು ಲೆಕ್ಕ. 2020ರ ಫೆಬ್ರುವರಿಯಲ್ಲಿ ಅಟ್ಲಾಂಟಿಕ್ ಮೇಲೆ ಕಿಯಾರಾ ಎಂಬ ಬಿರುಗಾಳಿ ಬೀಸುತ್ತಿದ್ದಾಗ, ಸಾಮಾನ್ಯವಾಗಿ ಏಳು ಗಂಟೆ ಹತ್ತಿರ ಹಿಡಿಯುವ ನ್ಯೂಯಾರ್ಕ್–ಲಂಡನ್ ಹಾದಿಯನ್ನು ಬ್ರಿಟಿಷ್ ಏರ್‌ವೇಸ್‌ನ ಹಳೆಯ ಜಂಬೊ ಒಂದು 4 ಗಂಟೆ 56 ನಿಮಿಷದಲ್ಲಿ ಮುಗಿಸಿತು. ಒಂದು ಹಂತದಲ್ಲಿ ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿಲೋಮೀಟರ್ ದಾಟಿತ್ತು. ನೆಲಮಟ್ಟದಲ್ಲಿ ಶಬ್ದ ಸಾಗುವುದು ಗಂಟೆಗೆ ಸುಮಾರು 1,225 ಕಿಲೋಮೀಟರ್. ಆದರೂ ವಿಮಾನ ಶಬ್ದದ ಗಡಿ ದಾಟಿರಲಿಲ್ಲ. ಗಾಳಿಯೇ ಓಡುತ್ತಿತ್ತು, ವಿಮಾನ ಅದರೊಳಗೆ ಎಂದಿನಂತೆ ಹಾರುತ್ತಿತ್ತು.

ಈ ಸೆಳೆತದ ಲಾಭ ಏನೆಂಬುದನ್ನು ಏರ್ ಇಂಡಿಯಾ 2016ರ ಅಕ್ಟೋಬರಿನಲ್ಲಿ ಬಹಳ ಚೆನ್ನಾಗಿ ತೋರಿಸಿತು. ಅಲ್ಲಿಯವರೆಗೆ ದಿಲ್ಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಪಶ್ಚಿಮಕ್ಕೆ, ಅಟ್ಲಾಂಟಿಕ್ ದಾಟಿ ಹೋಗುತ್ತಿತ್ತು. ಸುಮಾರು 13,900 ಕಿಲೋಮೀಟರ್, ಉದ್ದಕ್ಕೂ ಎದುರುಗಾಳಿ. ಆ ತಿಂಗಳು ದಿಕ್ಕು ಬದಲಿಸಿ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹಾರಿಸಿದರು. ದೂರ 15,300 ಕಿಲೋಮೀಟರ್ ಆಯಿತು, ಅಂದರೆ 1,400 ಹೆಚ್ಚು. ವೇಳೆ ಮಾತ್ರ ಎರಡು ಗಂಟೆಯಷ್ಟು ಇಳಿದು ಹದಿನಾಲ್ಕೂವರೆಗೆ ಬಂತು. ದೂರ ಹೆಚ್ಚಿದಷ್ಟೂ ಬೇಗ ತಲುಪಿದರು! ಶಾಲೆಯಲ್ಲಿ ದೂರವನ್ನು ವೇಗದಿಂದ ಭಾಗಿಸಿ ಕಾಲ ಕಂಡುಹಿಡಿಯಲು ಕಲಿಸಿದ ಮೇಷ್ಟರು ಇದನ್ನು ಕೇಳಿದ್ದರೆ ಸೀಮೆಸುಣ್ಣ ಕೆಳಗಿಟ್ಟು ಒಂದು ಗಳಿಗೆ ಕೂರುತ್ತಿದ್ದರೇನೋ.

ಬೋಯಿಂಗ್‌ನವರು ಈ ವಿಷಯದಲ್ಲಿ ಇನ್ನೂ ಹಿಂದೆಯೇ ಒಂದು ದೊಡ್ಡ ಮೋಜು ಮಾಡಿದ್ದರು. 2005ರ ನವೆಂಬರಿನಲ್ಲಿ 777-200 ಎಲ್‌ಆರ್ ವಿಮಾನದ ತಾಕತ್ತು ತೋರಿಸಲು ಹಾಂಗ್‌ಕಾಂಗ್‌ನಿಂದ ಲಂಡನ್‌ಗೆ ಹಾರಿಸಿದರು, ಪಶ್ಚಿಮಕ್ಕಲ್ಲ, ಪೂರ್ವಕ್ಕೆ! ಪೆಸಿಫಿಕ್, ಇಡೀ ಅಮೆರಿಕ, ಅಟ್ಲಾಂಟಿಕ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ದಾಟಿ 21,602 ಕಿಲೋಮೀಟರ್, 22 ಗಂಟೆ 42 ನಿಮಿಷ. ಸರಿಯಾದ ದಿಕ್ಕಿನಲ್ಲಿ ಹೋಗಿದ್ದರೆ ಅದರ ಅರ್ಧಕ್ಕಿಂತ ಕಡಿಮೆ ದೂರ. ಪೂರ್ವಕ್ಕೆ ತಿರುಗಿಸಿದ್ದಕ್ಕೆ ಕಾರಣ ಬೆನ್ನಿಗೆ ಗಾಳಿ ಸಿಗಲಿ ಎಂಬುದೇ. ಏರ್ ಇಂಡಿಯಾ 2021ರಲ್ಲಿ ಬೆಂಗಳೂರಿಗೆ ತಂದದ್ದೂ ಇದೇ ಮಾದರಿಯ ವಿಮಾನ.

ಈಗ ಆ ಒಂದೂಮುಕ್ಕಾಲು ಗಂಟೆಗೆ ಉತ್ತರ ಸಿಕ್ಕಿತು. ಬೆಂಗಳೂರಿನಿಂದ ಹೋಗುವಾಗ ಪೂರ್ವಕ್ಕೆ ಹರಿಯುವ ಗಾಳಿಯ ಹೊಳೆಯಲ್ಲಿ ತೇಲಬಹುದು. ಬರುವಾಗ ಅದೇ ಹೊಳೆ ಎದುರಾಗುತ್ತದೆ. ಧ್ರುವದ ಸುತ್ತಮುತ್ತ ಆ ಹೊಳೆಯ ಕಾಟ ಕಡಿಮೆ. ಹುಬ್ಬಳ್ಳಿಗೆ ಹೋಗುವಷ್ಟು ಹೆಚ್ಚುವರಿ ದೂರ ಹಾರಿದರೂ ಗಾಳಿಯಿಂದ ತಪ್ಪಿಸಿಕೊಂಡದ್ದೇ ಲಾಭ. ಧ್ರುವದ ದಾರಿಗೆ ಅದರದೇ ಕಿರಿಕಿರಿಗಳುಂಟು. ಅಲ್ಲಿ ದಿಕ್ಸೂಚಿ ನಂಬುವ ಹಾಗಿಲ್ಲ. ವಿಮಾನದ ಇಂಧನ ಅದರ ಬಗೆಗೆ ತಕ್ಕಂತೆ ಸೊನ್ನೆಗಿಂತ 40–47 ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ, ಹೊರಗೆ ಅದಕ್ಕಿಂತ ಹೆಚ್ಚು ಚಳಿ ಇರಬಹುದಾದ್ದರಿಂದ ಟ್ಯಾಂಕಿನ ತಾಪದ ಮೇಲೆ ಪೈಲಟ್‌ಗಳ ಒಂದು ಕಣ್ಣು ಇದ್ದೇ ಇರುತ್ತದೆ. ಹೆಚ್ಚು ತಣ್ಣಗಾದರೆ ಕೆಳಗಿಳಿಯಬೇಕು, ಇಲ್ಲವೇ ವೇಗ ಹೆಚ್ಚಿಸಬೇಕು.

ದಾರಿಯನ್ನು ಹೀಗೆ ದಿನದಿನವೂ ಹೊಸದಾಗಿ ಹಾಕುತ್ತಾರೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಮ್ಮ ಬಸ್ಸಿನಂತೆ ತುಮಕೂರು, ಶಿರಾ, ಹಿರಿಯೂರು ಎಂದು ನಿಶ್ಚಿತ ರಸ್ತೆಯಿಲ್ಲ. ಅಟ್ಲಾಂಟಿಕ್ ಮೇಲಿನ ಜಾಡುಗಳನ್ನು ಅಂದಂದಿನ ಗಾಳಿ ನೋಡಿ ದಿನಾ ಬದಲಿಸುತ್ತಾರೆ. ಪೆಸಿಫಿಕ್‌ನಲ್ಲೂ ಇಂಥದೇ ಏರ್ಪಾಡು. ಟಿಕೆಟ್‌ನಲ್ಲಿ ಅಚ್ಚಾದ ‘17 ಗಂಟೆ 45 ನಿಮಿಷ’ ಎಂಬುದು ನಿಲ್ದಾಣದ ಬಾಗಿಲಿನಿಂದ ಬಾಗಿಲಿಗೆ, ರನ್‌ವೇ ಮೇಲಿನ ಕಾಯುವಿಕೆಯೂ ಸೇರಿ, ಹಿಂದಿನ ಅನುಭವದ ಮೇಲೆ ಕಟ್ಟಿದ ಅಂದಾಜು.

ಬೆಟ್ಟ ಮಿಸುಕುವುದಿಲ್ಲ. ಗಾಳಿ ಮಿಸುಕಿದರೂ ಋತು ನೋಡಿ, ಉಪಗ್ರಹ ನೋಡಿ ಅದರ ಗುಣ ಹಿಡಿಯಬಹುದು. ಹಿಡಿಯಲಾಗದ್ದು ಮೂರನೆಯದು, ಮನುಷ್ಯರು ಆಕಾಶದಲ್ಲಿ ಹಾಕಿದ ಬೇಲಿ. 1944ರ ಷಿಕಾಗೊ ಒಪ್ಪಂದ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಪೂರ್ತಿ ಒಡೆತನ ಕೊಟ್ಟಿತು. ಸಮುದ್ರದಲ್ಲಿ ದಡದಿಂದ ಒಂದಿಷ್ಟು ದೂರ ಬಿಟ್ಟರೆ ನೀರು ಎಲ್ಲರದು. ಆಕಾಶಕ್ಕೆ ಆ ಭಾಗ್ಯ ಬಂದದ್ದು ಅಂಥ ನೀರಿನ ಮೇಲೆ ಮಾತ್ರ. ನೆಲ ಬಂದ ಕೂಡಲೇ ಅನುಮತಿ ಕೇಳಬೇಕು, ಹಾದು ಹೋಗುವ ಸುಂಕ ಕಟ್ಟಬೇಕು.

ಸೋವಿಯತ್ ಒಕ್ಕೂಟ ಸೈಬೀರಿಯಾದ ಆಕಾಶ ಮುಚ್ಚಿಟ್ಟಿದ್ದ ಕಾಲದಲ್ಲಿ ಯುರೋಪಿನಿಂದ ಜಪಾನಿಗೆ ಹೋಗುವವರು ಅಲಾಸ್ಕದ ಆ್ಯಂಕರೇಜ್‌ನಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. 1957ರಲ್ಲಿ ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆ ಆರಂಭಿಸಿದ ಕೋಪನ್‌ಹೇಗನ್–ಟೋಕಿಯೊ ದಾರಿ ಅದು. 1983ರ ಸೆಪ್ಟೆಂಬರ್ 1ರಂದು ಅದೇ ಆ್ಯಂಕರೇಜ್‌ನಿಂದ ಸೋಲ್‌ಗೆ ಹೊರಟ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಆಕಾಶ ಹೊಕ್ಕಿತು. ಯುದ್ಧವಿಮಾನವೊಂದು ಅದನ್ನು ಹೊಡೆದುರುಳಿಸಿತು. ಸತ್ತವರು 269 ಮಂದಿ. ಅದಾದ ಮೇಲೆಯೇ ಅಮೆರಿಕ ತನ್ನ ಸೇನೆಗೆಂದು ಕಟ್ಟುತ್ತಿದ್ದ ಜಿಪಿಎಸ್ ಅನ್ನು ನಾಗರಿಕರಿಗೂ ಕೊಡುತ್ತೇವೆ ಎಂದು ಘೋಷಿಸಿದ್ದು. ಇಂದು ಆಟೊ ಚಾಲಕನ ಫೋನಿನಲ್ಲಿ ‘ಎಡಕ್ಕೆ ತಿರುಗಿ’ ಎನ್ನುವ ದನಿಯ ಬೇರು ಅಲ್ಲಿಯವರೆಗೆ ಹೋಗುತ್ತದೆ.

ಅದೇ 1983ರಲ್ಲಿ ಫಿನ್‌ಲೆಂಡಿನ ಫಿನ್ಏರ್ ಸೋವಿಯತ್ ನೆಲ ತಪ್ಪಿಸಿ, ಉತ್ತರ ಧ್ರುವದ ಮೇಲೆ ಸುತ್ತಿ, ಹೆಲ್ಸಿಂಕಿಯಿಂದ ಟೋಕಿಯೊಗೆ ನಿಲ್ಲದೆ ಹಾರತೊಡಗಿತು. ಸುಮಾರು 13 ಗಂಟೆ. ಮುಂದೆ ಸೋವಿಯತ್ ಒಕ್ಕೂಟ ಹೋಯಿತು, ಸೈಬೀರಿಯಾ ತೆರೆಯಿತು, ಪ್ರಯಾಣ ಒಂಬತ್ತು ಒಂಬತ್ತೂವರೆ ಗಂಟೆಗೆ ಇಳಿಯಿತು. ಆ ನಾಲ್ಕು ಗಂಟೆಯ ಉಳಿತಾಯವನ್ನೇ ನಂಬಿ ಸಂಸ್ಥೆ ತನ್ನ ಏಷ್ಯಾ ವ್ಯಾಪಾರವನ್ನೆಲ್ಲ ಕಟ್ಟಿಕೊಂಡಿತು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು, ಯುರೋಪು ಮತ್ತು ರಷ್ಯಾ ಪರಸ್ಪರ ಆಕಾಶ ಮುಚ್ಚಿಕೊಂಡವು, ಹೆಲ್ಸಿಂಕಿ–ಟೋಕಿಯೊ ಮತ್ತೆ 13 ಗಂಟೆಯಾಯಿತು. ಧ್ರುವದ ಮೇಲೆ ಹಾದ ಪ್ರಯಾಣಿಕರಿಗೆ ಫಿನ್ಏರ್ ಒಂದು ಪ್ರಮಾಣಪತ್ರ ಕೊಡುತ್ತಿತ್ತು. ನಷ್ಟವನ್ನು ನೆನಪಿನ ಕಾಣಿಕೆಯಾಗಿ ಮಾಡಿದ ಜಾಣತನ ಮೆಚ್ಚಬೇಕಾದದ್ದೇ. ನಾಲ್ಕು ದಶಕಗಳಲ್ಲಿ ವಿಮಾನಗಳು ಎಷ್ಟು ಸುಧಾರಿಸಿದವು, ಎಂಜಿನ್‌ಗಳು ಎಷ್ಟು ಮಿತವ್ಯಯಿಯಾದವು! ದೂರ ಮಾತ್ರ ಹೊರಟಲ್ಲಿಗೇ ಬಂದು ನಿಂತಿತು.

ಬೆಂಗಳೂರಿಗೂ ಇದರ ಬಿಸಿ ತಟ್ಟಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕೂಡ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಹಾರಿಸುವುದಾಗಿ 2020ರಲ್ಲೇ ಘೋಷಿಸಿತ್ತು. ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ರಷ್ಯಾದ ಆಕಾಶ ಅಮೆರಿಕದ ವಿಮಾನಗಳಿಗೆ ಮುಚ್ಚಿತು, ಯೋಜನೆ ಅಲ್ಲಿಗೆ ನಿಂತಿತು. ಭಾರತದ ವಿಮಾನಗಳಿಗೆ ಆ ಅಡ್ಡಿಯಿಲ್ಲ. ಹಾಗಾಗಿ ಸೈಬೀರಿಯಾ ಏರ್ ಇಂಡಿಯಾದ ಪಾಲಿಗೆ ತೆರೆದ ದಾರಿ. ಅದಕ್ಕೂ ಬೆಲೆಯುಂಟು. 2023ರ ಜೂನ್ 6ರಂದು ದಿಲ್ಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಎಂಜಿನ್‌ನಲ್ಲಿ ತೊಂದರೆ ಕಾಣಿಸಿ, ರಷ್ಯಾದ ದೂರಪೂರ್ವದ ಮಗದಾನ್‌ನಲ್ಲಿ ಇಳಿಸಬೇಕಾಯಿತು. ಸ್ಟಾಲಿನ್ ಕಾಲದ ಕೊಲಿಮಾ ಶ್ರಮಶಿಬಿರಗಳಿಗೆ ಕೈದಿಗಳನ್ನು ಸಾಗಿಸುತ್ತಿದ್ದ ರೇವುಪಟ್ಟಣ ಅದು. 216 ಪ್ರಯಾಣಿಕರು, 16 ಸಿಬ್ಬಂದಿ. ಆ ಊರಿನಲ್ಲಿ ಅಷ್ಟು ಜನಕ್ಕೆ ಹೋಟೆಲ್ ಸಾಲದೆ, ಶಾಲೆ ಮತ್ತಿತರ ಕಡೆ ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿದರು. ಅವರನ್ನು ಕರೆದೊಯ್ಯಲು ಮುಂಬೈಯಿಂದ ಇನ್ನೊಂದು ವಿಮಾನ ಹೋಗಬೇಕಾಯಿತು. ದಾರಿಯ ಮಧ್ಯೆ ಇಳಿಯಲು ಒಂದು ನೆಲ, ಅಲ್ಲಿ ಒಂದು ಬಿಸಿಯೂಟ, ಅಲ್ಲಿಂದ ಹೊರಡಲು ಒಂದು ಅನುಮತಿ, ಇವೆಲ್ಲ ‘ದೂರ’ ಎಂಬ ಅಂಕಿಯೊಳಗೆ ಅಡಗಿವೆ ಎಂದು ಆ ಪ್ರಯಾಣಿಕರಿಗಿಂತ ಚೆನ್ನಾಗಿ ಯಾರು ಹೇಳಿಯಾರು?

ಪಶ್ಚಿಮದ ಬೇಲಿಯ ಕಥೆ ನಮಗೆ ಹತ್ತಿರದ್ದು. ಪಾಕಿಸ್ತಾನ ತನ್ನ ಆಕಾಶವನ್ನು 2019ರ ಫೆಬ್ರುವರಿಯಿಂದ ಜುಲೈವರೆಗೆ ಮುಚ್ಚಿತ್ತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ನಾವೂ ನಮ್ಮದನ್ನು ಅವರಿಗೆ ಮುಚ್ಚಿದೆವು. ದಿಲ್ಲಿಯಿಂದ ಯುರೋಪು, ಅಮೆರಿಕಕ್ಕೆ ಹೊರಟವರು ಮೊದಲು ದಕ್ಷಿಣಕ್ಕೆ ಇಳಿದು ಅರಬ್ಬೀ ಸಮುದ್ರದ ಮೇಲೆ ಸುತ್ತಬೇಕಾಯಿತು. ಬೆಂಗಳೂರಿನಿಂದ ಪಶ್ಚಿಮಕ್ಕೆ ಹೋಗುವವರಿಗೆ ಆ ಸಮುದ್ರ ಹೇಗೂ ದಾರಿಯಲ್ಲೇ ಇತ್ತು, ಪೆಟ್ಟು ಕಡಿಮೆ. ದಿಲ್ಲಿಗಿಂತ ನಾವು ಸಾವಿರದ ಏಳುನೂರು ಕಿಲೋಮೀಟರ್ ದಕ್ಷಿಣದಲ್ಲಿದ್ದದ್ದು ಒಮ್ಮೆಯಾದರೂ ಉಪಯೋಗಕ್ಕೆ ಬಂತು.

ಹಾಗೆ ನೋಡಿದರೆ ಬೆಂಗಳೂರಿನವರಿಗೆ ದೂರವನ್ನು ಗಂಟೆಯಲ್ಲಿ ಹೇಳುವುದು ಹೊಸದೇನಲ್ಲ. ಜಯನಗರದಿಂದ ಏರ್‌ಪೋರ್ಟ್ ಎಷ್ಟು ದೂರ ಎಂದು ಕೇಳಿ, ಯಾರೂ ನಲವತ್ತು ಕಿಲೋಮೀಟರ್ ಅನ್ನುವುದಿಲ್ಲ. ‘ಬೆಳಗ್ಗೆ ಆದರೆ ಒಂದು ಗಂಟೆ, ಸಂಜೆ ಆದರೆ ದೇವರೇ ಗತಿ’ ಅನ್ನುತ್ತಾರೆ. ಹೆಬ್ಬಾಳದ ಮೇಲ್ಸೇತುವೆ ದಾಟಲು ಹೆಣಗುವ ವಾಯುವಜ್ರ ಬಸ್ಸಿನಲ್ಲಿ ಕಳೆದ ಎರಡು ಗಂಟೆಯಲ್ಲಿ ಆಕಾಶದ ವಿಮಾನ 1,800 ಕಿಲೋಮೀಟರ್ ಹೋಗಿರುತ್ತದೆ.

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೇರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಕರ್ನಾಟಕದಿಂದ ಅಮೆರಿಕಕ್ಕೆ ನೇರ ವಿಮಾನದ ಕನಸೂ ಇರಲಿಲ್ಲ. ಆಗ ಹೋಗಿಬಂದವರು ಊರಿಗೇ ಒಬ್ಬಿಬ್ಬರು. ಈಗ ಹಾಸನ, ಶಿವಮೊಗ್ಗ, ಧಾರವಾಡದ ಎಷ್ಟು ಮನೆಗಳ ಅಪ್ಪ ಅಮ್ಮ ಸನ್ನಿವೇಲ್, ಫ್ರೀಮಾಂಟ್ ಎಂದು ಪಕ್ಕದ ಬೀದಿಯ ಹೆಸರಿನಂತೆ ಹೇಳುತ್ತಾರೆ! ಇವರನ್ನು ಕೂರಿಸಿಕೊಂಡು ದೂರದ ವಿಷಯ ಕೇಳಿದರೆ ಕಿಲೋಮೀಟರೂ ಬರುವುದಿಲ್ಲ, ಗಂಟೆಯೂ ಬರುವುದಿಲ್ಲ. ‘ನಡುವೆ ಇಳಿದು ಹತ್ತಬೇಕೇನಪ್ಪಾ?’ ಎಂಬುದೇ ಮೊದಲ ಪ್ರಶ್ನೆ. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಎಪ್ಪತ್ತರ ತಾಯಿಯೊಬ್ಬಳಿಗೆ ಹದಿನೇಳು ಗಂಟೆ ಒಂದೇ ಕುರ್ಚಿಯಲ್ಲಿ ಕೂರುವುದು ಕಷ್ಟವಲ್ಲ. ಫ್ರಾಂಕ್‌ಫರ್ಟ್‌ನಲ್ಲೋ ದೋಹಾದಲ್ಲೋ ಇಳಿದು, ಮತ್ತೆ ಚೀಲ ತಪಾಸಣೆ ಮಾಡಿಸಿ, ಯಾವ ಗೇಟು ಎಂದು ಹುಡುಕುವ ಆ ಎರಡು ಗಂಟೆ ಕಷ್ಟ. ಕಾಲು ಚೆನ್ನಾಗಿಯೇ ಇರುವ ಎಷ್ಟೋ ಹಿರಿಯರು ಟಿಕೆಟ್ ಮಾಡಿಸುವಾಗ ವೀಲ್‌ಚೇರ್ ಕೇಳುವುದು ಇದಕ್ಕೇ. ಕುರ್ಚಿ ಅಲ್ಲ ಅವರಿಗೆ ಬೇಕಿರುವುದು, ಅದನ್ನು ತಳ್ಳುತ್ತ ಸರಿಯಾದ ಗೇಟಿಗೆ ಬಿಡುವ ಮನುಷ್ಯ. ಇದನ್ನು ಕಂಡು ನಗುವವರನ್ನು ನೋಡಿದ್ದೇನೆ. ನನಗೆ ನಗು ಬರುವುದಿಲ್ಲ.

ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿಲೋಮೀಟರಿಗೂ ಹೆಚ್ಚು ದೂರವನ್ನು ಹದಿನೆಂಟೂವರೆ ಗಂಟೆಗೂ ಮೇಲೆ ಹಾರುವ ವಿಮಾನವಿದೆ. ಅದರಲ್ಲಿ 161 ಸೀಟು ಮಾತ್ರ, ಎಕಾನಮಿ ದರ್ಜೆಯೇ ಇಲ್ಲ. ಅಷ್ಟು ದೂರಕ್ಕೆ ಬೇಕಾದ ಇಂಧನವನ್ನು ಹೊರುವುದಕ್ಕೇ ಇನ್ನಷ್ಟು ಇಂಧನ ಬೇಕು. ಭಾರ ಇಳಿಸಲು ಜನರನ್ನು ಕಡಿಮೆ ಮಾಡಿದರು, ಕಡಿಮೆ ಜನರಿಂದಲೇ ಖರ್ಚು ಹುಟ್ಟಬೇಕಾದ್ದರಿಂದ ದರ ಏರಿಸಿದರು. ನಿಲ್ಲದೆ ಹಾರುವ ದಾರಿಗಳು ಉದ್ದವಾದಂತೆ ಅವು ಇಂಥ ತಾಯಂದಿರ ಕೈಗೆಟುಕದೆ ಹೋಗುವ ಸಂಭವವೇ ಹೆಚ್ಚು.

ಆದ್ದರಿಂದ ಮುಂದಿನ ದೀಪಾವಳಿಯ ಹೊತ್ತಿಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಯೋಚಿಸುತ್ತಿರುವ ಮಕ್ಕಳು ಹೋಗುವ ಟಿಕೆಟ್‌ನ ಗಂಟೆಗಳನ್ನು ನೋಡಿ ತೀರ್ಮಾನಿಸದಿರಲಿ. ಅವರು ಮರಳಿ ಹೊರಡುವುದು ಬಹುಶಃ ಜನವರಿ, ಫೆಬ್ರುವರಿಯಲ್ಲಿ, ಗಾಳಿಯ ಹೊಳೆ ಭರ್ತಿ ತುಂಬಿ ಹರಿಯುವ ತಿಂಗಳಲ್ಲಿ. ಬರುವ ದಿಕ್ಕಿನ ವೇಳೆ ಎಷ್ಟು, ಇಂಧನಕ್ಕೆಂದು ನಡುವೆ ಎಲ್ಲಾದರೂ ನಿಲ್ಲಿಸುತ್ತಾರೆಯೇ, ನಿಲ್ಲಿಸಿದರೆ ಇಳಿಯಬೇಕೋ ಅಥವಾ ಸೀಟಿನಲ್ಲೇ ಕೂತಿರಬಹುದೋ, ಇಷ್ಟನ್ನು ಮೊದಲೇ ವಿಚಾರಿಸಿ ಅವರಿಗೆ ಹೇಳಿದರೆ ಸಾಕು. ಧ್ರುವದ ವಿಷಯ ಬೇಕಾದರೆ ಮೊಮ್ಮಕ್ಕಳು ಹೇಳಿಕೊಡಲಿ.